ಸಡಿಲಶೋಧಕ ಮತ್ತು ಜಪಾನಿನ ವ್ಯಾನ್

"ಹೊಂಡದ ರಸ್ತೆ ಗಾಡಿಗೆ ಹತ್ತು ವರ್ಷದಲ್ಲಿ ಮಾಡುವುದನ್ನು ಇದು ಹತ್ತು ನಿಮಿಷದಲ್ಲಿ ಮಾಡಿ ತೋರಿಸ್ತದೆ," ಎಂದು ಪದ್ಮನಾಭ ಭಾವ ನಮ್ಮ ಅಂಗಳದಲ್ಲಿ ಘೋಷಿಸಿದರು. ಅವರ ಕಾಲ ಬಳಿ ಚೆಂಡೆಯಷ್ಟು ದಪ್ಪದ ತಗಡಿನ ಡಬ್ಬಿಯೊಂದು ಕೂತಿತ್ತು. ಅದರ ಹೆಸರು ಸಡಿಲಶೋಧಕ.

ಭಾವ ಎಂದರೆ ನನ್ನ ಗಂಡ ಶ್ರೀಕರನ ಅಣ್ಣ. ನಾವಿರುವ ದಾರ್ ಎಸ್ ಸಲಾಮ್ ಊರಿನ ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡುತ್ತಾರೆ. ರಜೆಯ ದಿನ ನಮ್ಮ ಮನೆಗೆ ಬಂದು ಏನಾದರೂ ಕಂಡುಹಿಡಿಯುತ್ತಾರೆ. ಅವರ ತೆಂಗಿನಕಾಯಿ ತುರಿಯುವ ಯಂತ್ರ ಒಮ್ಮೆ ಪಕ್ಕದ ಮನೆಯ ಬೇಲಿಯನ್ನೂ ತುರಿದಿತ್ತು.

ಈ ಸಲ ಪರೀಕ್ಷೆಗೆ ನಿಂತದ್ದು ಜಪಾನಿನಿಂದ ಹಡಗಿನಲ್ಲಿ ಬಂದ ಹಳೆಯ ಬಿಳಿ ವ್ಯಾನ್. ನಾನು ಮನೆಯಲ್ಲಿ ಅಡುಗೆ ಮಾಡಿ ಕಚೇರಿಗಳಿಗೆ ಊಟ ಕಳಿಸುತ್ತೇನೆ. ಅಲ್ಲಿಯವರೆಗೆ ಎಲ್ಲವೂ ರಿಕ್ಷಾದಲ್ಲೇ ಹೋಗುತ್ತಿತ್ತು. ಸಾಂಬಾರು ಅರ್ಧ ಗಿರಾಕಿಗಳಿಗೆ, ಅರ್ಧ ನನ್ನ ಸೀರೆಗೆ. ಸೋಮವಾರದಿಂದ ಒಂದು ದೊಡ್ಡ ಕಚೇರಿಗೆ ಊಟ ಒಪ್ಪಿಕೊಂಡಿದ್ದೆ. ಈ ವ್ಯಾನೂ ದಾರಿಯಲ್ಲಿ ಕೈಕೊಟ್ಟರೆ ನನ್ನ ವ್ಯಾಪಾರಕ್ಕೆ ಮಂಗಳ ಹಾಡಿದಂತೆಯೇ.

ಮಾರುವವರು ಹಮೀಸಿ ಎಂಬ ಹಿರಿಯರು. ತಮ್ಮ ಹೊಳೆಯುವ ಹೊಸ ಕಾರಿನಲ್ಲಿ ವ್ಯಾನಿನ ಹಿಂದೆಯೇ ಬಂದಿದ್ದರು. "ಸಂಜೆಯವರೆಗೆ ಪರೀಕ್ಷೆ ಮಾಡಿ. ಬೇಡವೆಂದರೆ ಒಯ್ಯುತ್ತೇನೆ," ಎಂದು ಸ್ವಾಹಿಲಿಯಲ್ಲಿ ಹೇಳಿ ನೆರಳಲ್ಲಿ ಕೂತರು.

"ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದ್ರೆ ಸಾಕಿತ್ತಲ್ಲ ಭಾವ?" ಎಂದೆ.

"ಮೆಕ್ಯಾನಿಕ್ ಇವತ್ತಿನದ್ದು ಹೇಳ್ತಾನೆ ವಿಮಲಾಕ್ಷಿ. ಇದು ನಾಳೆಯದ್ದು ಹೇಳ್ತದೆ. ಪ್ರತಿ ವಸ್ತುವಿಗೂ ಅದರದ್ದೇ ಒಂದು ನಡುಕ ಉಂಟು. ಅದನ್ನು ಕೆಣಕಿದ್ರೆ ಸಡಿಲ ಇದ್ದದ್ದೆಲ್ಲ ತನ್ನಷ್ಟಕ್ಕೆ ಉದುರ್ತದೆ."

"ಉದುರಿದ್ದನ್ನು ಮತ್ತೆ ಜೋಡಿಸುವವರು ಯಾರು?" ಎಂದ ಶ್ರೀಕರ.

"ಶುರುವಿಗೇ ಅಡ್ಡ ಬಾಯಿ ಹಾಕ್ಬೇಡ ಮಾರಾಯ." ಭಾವ ಡಬ್ಬಿಯನ್ನು ವ್ಯಾನಿನ ಅಡಿಗೆ ತಳ್ಳಿ ಸ್ವಿಚ್ಚು ಒತ್ತಿದರು.

ಜೇನುಗೂಡು ಕೆದಕಿದಂತೆ ಗುಂಯ್ ಎಂಬ ಸದ್ದು. ವ್ಯಾನ್ ಮಿಸುಕಲಿಲ್ಲ. ನಮ್ಮ ಗೇಟು ಮಾತ್ರ ಒಮ್ಮೆ ನಿಟ್ಟುಸಿರಿಟ್ಟು ಮಲಗಿತು.

"ಗೇಟು ಮೊದಲೇ ಹಾಗೆ ಇತ್ತು," ಎನ್ನುತ್ತಾ ಭಾವ ಸದ್ದು ಏರಿಸಿದರು.

ಅಡುಗೆಮನೆಯ ಕಪಾಟಿನ ಬಾಗಿಲು ಬಿತ್ತು. ನಲ್ಲಿಯ ತಿರುಪು ಹಾರಿ ನೀರು ಕಾರಂಜಿಯಾಯಿತು. ಶ್ರೀಕರನ ಕನ್ನಡಕದ ಎರಡೂ ಕಡ್ಡಿ ಕಳಚಿ, ಗಾಜು ಮಾತ್ರ ಮೂಗಿನ ಮೇಲೆ ಉಳಿಯಿತು. ಒಳಗೆ ನುಗ್ಗಿ ಬಾಣಲೆ ಎತ್ತಿಕೊಂಡು ಹೊರಗೆ ಓಡಿದೆ; ಅಂಗಳ ತಲುಪುವಾಗ ಕೈಯಲ್ಲಿದ್ದದ್ದು ಬರೀ ಹಿಡಿ.

"ನಿಲ್ಲಿಸಿ ಭಾವ, ಮನೆ ಹೋಗ್ತದೆ!"

"ನಿಲ್ಲಿಸಬಹುದಿತ್ತು," ಎಂದು ಭಾವ ಅಂಗೈ ಬಿಚ್ಚಿ ತೋರಿಸಿದರು. "ಸ್ವಿಚ್ಚು ಕಿತ್ತು ಕೈಗೆ ಬಂತು."

ಹಮೀಸಿಯವರ ಹೊಸ ಕಾರಿನ ಬಂಪರ್ ದಢಾರನೆ ಬಿತ್ತು. ಅವರು ಗಾಬರಿಯಿಂದ ಎದ್ದರು. ಬೆನ್ನ ಹಿಂದೆ ಕುರ್ಚಿ ಕಾಲು ಬೇರೆ, ಕೈ ಬೇರೆಯಾಯಿತು. ಅಷ್ಟರಲ್ಲಿ ವ್ಯಾನಿನ ಒಳಗೂ ಟಪ್ ಎಂದು ಏನೋ ಬಿದ್ದ ಸದ್ದು. ನಾನು ಕಣ್ಣು ಮುಚ್ಚಿಕೊಂಡೆ. ವ್ಯಾನ್ ಚೂರಾದರೆ ಕೊಳ್ಳುವ ಹಾಗೂ ಇಲ್ಲ, ಹಿಂತಿರುಗಿಸುವ ಹಾಗೂ ಇಲ್ಲ.

ಗುಂಯ್ ಸದ್ದು ಥಟ್ಟನೆ ನಿಂತಿತು. ಯಂತ್ರ ತನ್ನನ್ನೇ ಉದುರಿಸಿಕೊಂಡು, ಸ್ಕ್ರೂ, ತಂತಿ, ತಗಡುಗಳಾಗಿ ವ್ಯಾನಿನ ಅಡಿ ಹರಡಿಬಿದ್ದಿತ್ತು.

ಹೆದರುತ್ತಲೇ ವ್ಯಾನಿನ ಬಾಗಿಲು ತೆರೆದೆ. ಸೀಟಿನ ಸಂದಿಯಿಂದ ಬಿದ್ದದ್ದು ಪುಟ್ಟ ಮಗುವಿನ ಹಳದಿ ಟೋಪಿ. ಒಳಬದಿಯಲ್ಲಿ ಜಪಾನಿ ಅಕ್ಷರಗಳಲ್ಲಿ ಏನೋ ಹೊಲಿದಿತ್ತು, ಬಹುಶಃ ಹೆಸರು. ಅದು ಬಿಟ್ಟರೆ ಒಂದು ಬೋಲ್ಟೂ ಬಿದ್ದಿರಲಿಲ್ಲ. ಮಕ್ಕಳನ್ನು ಶಾಲೆಗೆ ಒಯ್ಯುತ್ತಿದ್ದ ಗಾಡಿ ಇರಬೇಕು. ಅವರ ಕುಣಿತವನ್ನೇ ತಾಳಿಕೊಂಡದ್ದು ಭಾವನ ಡಬ್ಬಿಗೆ ಹೆದರೀತೇ? ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಎಂಜಿನ್ ಶುರುವಾಯಿತು.

"ಇದು ನನಗೆ ಬೇಕು," ಎಂದೆ ಹಮೀಸಿಯವರಿಗೆ.

ಅವರು ತಮ್ಮ ಬಂಪರಿನ ಕಡೆ ನೋಡಿ, "ಈಗ ನನಗೂ ಬೇಕೆನಿಸುತ್ತಿದೆ," ಎಂದರು. ಆದರೂ ಮಾತಿಗೆ ತಪ್ಪದೆ ವ್ಯಾನ್ ನನಗೇ ಮಾರಿದರು. ಭಾವ ಅವರ ಕಾರಿನಡಿ ಮಲಗಿ ಬಂಪರ್ ಕೂರಿಸಿಕೊಟ್ಟರು.

ಸೋಮವಾರ ಊಟ ಬಿಸಿ ಆರುವ ಮೊದಲೇ ಕಚೇರಿ ತಲುಪಿತು. ಮರುದಿನಕ್ಕೆ ಇನ್ನಷ್ಟು ಊಟ ಬೇಕೆಂದರು. ಸಂಜೆ ಸಂತೋಷ ಹೇಳಿಕೊಳ್ಳುತ್ತಾ ಭಾವನಿಗೆ ಚಹಾ ಕೊಟ್ಟೆ. ಅವರು ಒಮ್ಮೆ ಅಂಗಳದ ವ್ಯಾನನ್ನು, ಒಮ್ಮೆ ಹಗ್ಗ ಕಟ್ಟಿ ನಿಲ್ಲಿಸಿದ್ದ ನಮ್ಮ ಬಾಗಿಲುಗಳನ್ನು ನೋಡಿದರು.

"ವ್ಯಾನ್ ಗಟ್ಟಿ ಉಂಟು ವಿಮಲಾಕ್ಷಿ," ಎಂದರು. "ಮನೆಯೇ ಸೆಕೆಂಡ್ ಹ್ಯಾಂಡ್ ಅಂತ ಕಾಣ್ತದೆ."