ಐತಾರದ ಸೈಕಲ್, ಬಬಲೇಶ್ವರದ ಹುಡುಗಿ

ಮಂದಿ ಸೈಕಲ್ ಹತ್ತಿದ್ರ ಊರು ಮುಟ್ಟತಾರ, ನಾವು ಮೂರು ಮಂದಿ ಹತ್ತಿದ್ರ ಏನರ ಒಂದು ಫಜೀತಿ ಮುಟ್ಟತಿದ್ವಿ. ಒಂದು ಐತಾರ ತಪ್ಪಿದ್ದಿಲ್ಲ ನೋಡ್ರಿ. ವಿಜಾಪುರ ದಾಟಿದ್ವಿ ಅಂದ್ರ ಸಾಕು, ಫಜೀತಿ ನಮಗಿಂತ ಮುಂದ ಹೋಗಿ ಹಾದ್ಯಾಗ ಕುಂತಿರತಿತ್ತು.

ಎಮರ್ಜೆನ್ಸಿ ಕಾಲದ ಮಾತಿದು. ಮೂರು ಮಂದಿ ಅಂದ್ರ ಒಬ್ಬಾಂವ ಸಾಲಿ ಮಾಸ್ತರ, ಬಡಕಲು ಮೈ, ಎದುರುಗಾಳಿ ಬೀಸಿದ್ರ ಸೈಕಲ್ ಸಮೇತ ಹಿಂದ ಸರೀತಿದ್ದ. ಇನ್ನೊಬ್ಬಾಂವ ದವಾಖಾನಿ ಕಂಪೌಂಡರ, ಅವನ ಹೊಟ್ಟಿ ಹ್ಯಾಂಡಲಿಗೆ ತಾಗತಿತ್ತು. ಮೂರನೇದಾಂವ ನಾನು, ಸರಕಾರಿ ಕಚೇರ್ಯಾಗ ಕಾರಕೂನ. ಅವರಿಬ್ಬರಿಗೂ ಮದುವಿ ಆಗಿ ಮಕ್ಕಳಿದ್ರು. ನಂದು ಬರೇ ನಿಶ್ಚಯ ಆಗಿತ್ತು, ಬಬಲೇಶ್ವರದ ಹುಡುಗಿ ಜೋಡಿ.

ಈಗ ನನ್ನ ಸಂಕಟ ಹೇಳ್ತೇನಿ, ನಗಬ್ಯಾಡ್ರಿ. ಕನ್ಯಾ ನೋಡಾಕ ಹೋದ ದಿನ ನಾ ಹುಡುಗಿ ಮಾರೀನ ನೋಡಿರಲಿಲ್ಲ. ಸುತ್ತ ಹಿರ್ಯಾರು ಕುಂತಿದ್ರು. ನನಗ ನಾಚಿಕಿ ಅಂದ್ರ ನಾಚಿಕಿ, ಅವಲಕ್ಕಿ ಪ್ಲೇಟ ಬಿಟ್ಟು ಕಣ್ಣು ಮ್ಯಾಲ ಏಳಲೇ ಇಲ್ಲ. ಆಕಿ ಬಂದಳು, ಚಾ ಕೊಟ್ಟಳು, ಹೋದಳು. ನಾ ಕಂಡದ್ದು ಎರಡು ಪಾದ ಅಷ್ಟ. "ಪಸಂದ ಏನಪಾ?" ಅಂತ ಅಪ್ಪ ಕೇಳಿದ. "ಹೂಂ" ಅಂದ್ನಿ. ಸಕ್ಕರಿ ಹಂಚೇಬಿಟ್ರು!

ಆಮ್ಯಾಲ ಆಷಾಢ ಬಂತು, ಅದರ ಹಿಂದ ಬಿತ್ತನಿಕಿ. ಮದುವಿ ಸುಗ್ಗಿ ಮುಗದ ಮ್ಯಾಲ ಅಂತ ಆತು. ಅಲ್ಲೀತನಕ ಅಳಿಯ ಆಗಾಂವ ಹುಡುಗಿ ಮನಿ ಹೊಸ್ತಿಲ ತುಳೀಬಾರದು, ನಮ್ಮಲ್ಲೆ ಅದು ಪದ್ಧತಿ. ಅವ್ವನ ಕಡೆ ಒಂದು ಫೋಟೋ ಕೇಳಿದ್ನಿ. "ಕಣ್ಣಾರೆ ನೋಡಿ ಬಂದೀದಿ, ಮತ್ತ್ಯಾಕೋ ಫೋಟೋ?" ಅಂತ ನಕ್ಕಳು. ಪಾದ ಛಲೋ ಇದ್ವು, ಖರೆ. ಆದ್ರ ಬರೇ ಪಾದ ನಂಬಿ ಸಂಸಾರ ಹ್ಯಾಂಗ ಮಾಡೂದ್ರಿ? ನಿದ್ದಿ ಹತ್ತದಂಗಾತು. ಕಡೀಕ ದೋಸ್ತರ ಮುಂದ ಬಾಯಿ ಬಿಟ್ನಿ.

ಅವರಿಬ್ಬರೂ ಹೊಟ್ಟಿ ಹಿಡಕೊಂಡು ನಕ್ಕರು. ನಕ್ಕು ಮುಗದ ಮ್ಯಾಲ ಮಾಸ್ತರ ಉಪಾಯ ಹೇಳಿದ. "ಐತಾರಕ್ಕೊಮ್ಮಿ ಸೂಟಿ ಇರತೈತಿ, ಮೂವರೂ ಕೂಡಿ ಸೈಕಲ್ ಹೊಡಿಯೂನು. ವ್ಯಾಯಾಮ ಅಂತ ಹೇಳೂನು. ಮದಲ ಟಿಕೋಟಾ, ಬಿಜ್ಜರಗಿ ಕಡೆ ತಿರಗಿ ಸೈಕಲ್ ಮಂದಿ ಅಂತ ಹೆಸರ ಮಾಡೂನು. ಆಮ್ಯಾಲ ಬಬಲೇಶ್ವರಕ್ಕ ಹೋಗಿ ಅವರ ಮನಿ ಮುಂದ ಹಾದ್ರ ಯಾರಿಗೂ ಸಂಶೇ ಬರೂದಿಲ್ಲ."

ಟಿಕೋಟಾದಾಗ ಅಳು

ಮದಲನೇ ಐತಾರ ಟಿಕೋಟಾ. ಗಾಳಿ ಅಂದ್ರ ಅಂಥಾ ಗಾಳಿ, ಎದೀಗೇ ಹೊಡೀತಿತ್ತು. ಮೂವರೂ ತಲಿ ಬಗ್ಗಿಸಿ, ಹಲ್ಲು ಕಚ್ಚಿ, ಒಂದ ಸವನ ಪೆಡಲ್ ತುಳದ್ವಿ. ಊರು ಹತ್ರ ಬಂದಾಗ ಒಬ್ಬಾಕಿ ಮುದುಕಿ ಬಾಗಲದಾಗ ಕುಂತು ಜ್ವಾಳ ಹಸನ ಮಾಡಾಕತ್ತಿದ್ದಳು. ನಮ್ಮನ್ನ ನೋಡಿದ್ದ ತಡ, ಕೈಯಾಗಿನ ಮೊರ ಒಗದು ಎದಿ ಬಡಕೊಂಡಳು.

"ಯಾರು ಹ್ವಾದ್ರೋ ನನ್ನಪ್ಪಾ! ಯಾರು ಹ್ವಾದ್ರೋ!"

ಆಗ ಹಳ್ಳ್ಯಾಗ ಫೋನ್ ಎಲ್ಲಿ ಬಂತ್ರಿ? ಯಾರರ ತೀರಿಕೊಂಡ್ರ ಸೈಕಲ್ ಮ್ಯಾಲ ಮಂದಿ ಕಳಸಿ ಸುದ್ದಿ ಮುಟ್ಟಸ್ತಿದ್ರು. ಹಿಂಗ ತಲಿ ಬಗ್ಗಿಸಿ ಜೋರಾಗಿ ಬರಾವ್ರು ಸಾವಿನ ಸುದ್ದಿ ತರಾವ್ರ ಅಂತ ಲೆಕ್ಕ. ಓಣಿ ಮಂದಿ ಕೂಡಿತು. ಇನ್ನಿಬ್ಬರು ಹೆಣ್ಣಮಕ್ಕಳು ಸೆರಗ ಬಾಯಿಗೆ ಹಚ್ಚಿ ಅಳಾಕ ಸುರು ಮಾಡಿದ್ರು, ಯಾರಿಗೆ ಅಂತ ಅವರಿಗೂ ಗೊತ್ತಿಲ್ಲ.

"ಯಮ್ಮಾ, ಯಾರಿಗೂ ಏನೂ ಆಗಿಲ್ಲಬೇ. ನಾವು ಸುಮ್ಮ ಬಂದೀವಿ" ಅಂದ ಮಾಸ್ತರ.

"ಸುಮ್ಮ ಯಾರು ಬರ್ತಾರೋ ಇಷ್ಟ ದೂರ? ಮುಚ್ಚಿಡಬ್ಯಾಡ್ರೋ, ಹೇಳಿಬಿಡ್ರೋ. ನಮ್ಮ ಅಕ್ಕ ಅಲ್ಲೋ?"

ಎಷ್ಟ ಹೇಳಿದ್ರೂ ಮುದುಕಿ ನಂಬಲೊಲ್ಲಳು. ಕಂಪೌಂಡರಗ ಸಾಕಾತು, ಜೋರಾಗಿ ಒದರಿದ, "ಯಾರೂ ಸತ್ತಿಲ್ಲ ಅಂತ ಹೇಳಾಕ ಬಂದೀವಬೇ!"

ಮುದುಕಿ ಕಣ್ಣು ಒರಸಿಕೊಂಡು ನಮ್ಮ ಮೂವರನ್ನೂ ಮ್ಯಾಲಿಂದ ಕೆಳಗ ನೋಡಿದಳು.

"ಅಷ್ಟ ಹೇಳಾಕ ಮೂರು ಮಂದಿ ಯಾಕ ಬೇಕಿತ್ತೋ ನಿಮ್ಮ?"

ಬಿಜ್ಜರಗಿ ಖಾಲಿ

ಮುಂದಿನ ಐತಾರ ಟಿಕೋಟಾ ದಾಟಿ ಬಿಜ್ಜರಗಿಗೆ ಹೋದ್ವಿ. ಈ ಸಲ ಸಾವಕಾಶ, ನಗಕೋತ ಹೋದ್ವಿ, ಮತ್ತ ಯಾರೂ ಅಳಬಾರದಂತ. ಬಿಸಲು ಏರಿತ್ತು, ನೀರಡಿಕಿ ಆಗಿತ್ತು. ಊರಾಗ ಕಾಲಿಟ್ಟು ನೋಡಿದ್ರ ಗಂಡಸರು ಅಂತ ಒಬ್ಬರೂ ಇಲ್ಲ. ಕಟ್ಟಿ ಮ್ಯಾಲ ಬೀಡಿ ಹೊಗಿ ಆಡಾಕತ್ತಿತ್ತು, ಸೇದಾಂವ ಇಲ್ಲ. ಚಾದಂಗಡ್ಯಾಗ ಚಾ ಉಕ್ಕಿ ಒಲಿ ಮ್ಯಾಲ ಬೀಳಾಕತ್ತಿತ್ತು, ಕಾಸಾಂವ ಇಲ್ಲ. ದೂರ ಹೊಲದಾಗ ನೋಡಿದ್ರ ಬಿಳಿ ಧೋತ್ರ ಎತ್ತಿ ಕಟ್ಟಿ ಮಂದಿ ಓಡಾಕತ್ತೈತಿ!

ಒಬ್ಬ ಕುರಿ ಕಾಯಾಂವ ಮಾತ್ರ ಸಿಕ್ಕ. ಕುರಿ ಬಿಟ್ಟು ಓಡಾಕ ಮನಸ್ಸಿಲ್ಲ, ನಿಂದ್ರಾಕ ಧೈರ್ಯ ಇಲ್ಲ, ಅಲ್ಲೇ ನಡಗಾಕತ್ತಿದ್ದ. ಕೈ ಮುಗದು ಅಂದ, "ಸಾಹೇಬ್ರ, ನಂದು ಇನ್ನಾ ಮದುವೀನ ಆಗಿಲ್ರಿ. ಬಿಟ್ಟಬಿಡ್ರಿ."

ಆಗ ತಿಳೀತು. ಕುಟುಂಬ ಯೋಜನೆ ಆಪರೇಷನ್ನಿನ ಗದ್ದಲ ಇದ್ದ ಟೈಮ್ ಅದು. ಪ್ಯಾಂಟ ಹಾಕಿದಾವ್ರು ಹಳ್ಳಿಗೆ ಬಂದ್ರ ಗಂಡಸರನ್ನ ಹಿಡಕೊಂಡು ಹೋಗಾಕ ಬಂದಾರ ಅಂತ ಮಂದಿ ಹೆದರತಿತ್ತು. ಅದರಾಗ ನಮ್ಮ ಕಂಪೌಂಡರ ಬಿಳಿ ಅಂಗಿ ತೊಟ್ಟು, ದವಾಖಾನಿ ಚೀಲ ಕ್ಯಾರಿಯರಿಗೆ ಕಟಗೊಂಡಿದ್ದ. ಒಳಗ ಪಂಕ್ಚರ್ ಸಾಮಾನು ಇತ್ತು.

"ನಾವು ಅವರಲ್ಲೋ ಮಾರಾಯಾ, ನೀರ ಕುಡ್ಯಾಕ ಬಂದೀವಿ" ಅಂತ ನಾನೂ ಕೈ ಮುಗದ್ನಿ. "ನಾ ವಿಜಾಪುರದ ಕಾರಕೂನ. ಬಬಲೇಶ್ವರದಾಗ ನನ್ನ ಹೆಣ್ಣು ನಿಶ್ಚಯ ಆಗೇತಿ. ನಂದೂ ಮದುವಿ ಆಗಿಲ್ಲ ನಿನ್ನಂಗ." ನನ್ನ ಗುರತು ನಾನ ಕೊಟ್ನಿ. ಎಂಥಾ ಖೋಡಿ ಬುದ್ಧಿ!

ಅಷ್ಟರಾಗ ಒಬ್ಬ ಹಣ್ಣಹಣ್ಣ ಮುದುಕಪ್ಪ ಬಡಿಗಿ ಊರಕೋತ ಬಂದ. ಬಾಯಾಗ ಒಂದು ಹಲ್ಲಿಲ್ಲ. ಕಂಪೌಂಡರನ ಚೀಲಕ್ಕ ಕೈ ಹಚ್ಚಿ ಅಂದ, "ಹುಡುಗರ ಬೆನ್ನು ಹತ್ತಬ್ಯಾಡ್ರಿ ಯಪ್ಪಾ. ನನಗ ಓಡಾಕೂ ಆಗೂದಿಲ್ಲ, ಮತ್ತ ಬ್ಯಾರೇ ಏನೂ ಆಗೂದಿಲ್ಲ. ನಂದ ಮಾಡಿಬಿಡ್ರಿ. ಆದ್ರ ಆಪರೇಷನ್ ಮಾಡಿಸಿಕೊಂಡಾವ್ರಿಗೆ ರೇಡಿಯೋ ಕೊಡ್ತಾರಂತಲ್ಲ, ಅದನ್ನ ಮದಲ ತಗೀರಿ."

ಸೈಕಲ್ ಎಲ್ಲಿಗೆ ಹೊಂಟೈತಿ

ಹೆಸರು ಮಾಡಿದ್ದು ಸಾಕು ಅಂತ ಮೂರನೇ ಐತಾರ ಬಬಲೇಶ್ವರದ ಹಾದಿ ಹಿಡದ್ವಿ. ಹುಡುಗಿ ಹೊಲಕ್ಕ ಕಸಾ ತಗ್ಯಾಕ ಹೋಗತಾಳ ಅಂತ ಮಾಸ್ತರ ಎಲ್ಲಿಂದೋ ಸುದ್ದಿ ತಂದಿದ್ದ. ಮನಿ ಹೊಸ್ತಿಲ ತುಳೀಬಾರದು ಅಂದಾರ, ಹೊಲದ ಬದು ತುಳೀಬಾರದು ಅಂದಿಲ್ಲಲ್ಲ! ಜೈನಾಪುರದ ಕಡೆ ಅವರ ಹೊಲ. ಡಾಂಬರ ರಸ್ತೆ ಬಿಟ್ಟು ಎರಿಹೊಲದ ಹಾದಿಗೆ ಇಳದ್ವಿ.

ಹಿಂದಿನ ದಿನ ಮಳಿ ಆಗಿತ್ತು. ಎರಿಮಣ್ಣಿನ ರೀತಿ ನಿಮಗ ಗೊತ್ತಿದ್ರ ಮುಂದಿಂದು ನಾ ಹೇಳೂದು ಬ್ಯಾಡ. ಚಕ್ರಕ್ಕ ಮೆತ್ತಿತು, ಮಡಗಾರ್ಡಿನಾಗ ತುಂಬಿತು, ಸೈಕಲ್ ಗಟ್ಟ್ಯಾಗಿ ನಿಂತಬಿಡ್ತು. ಕಡ್ಡಿ ತಗೊಂಡು ಕೆರದ್ವಿ, ಎರಡು ಹೆಜ್ಜಿ ನಡಸಿದ್ವಿ, ಮತ್ತ ತುಂಬಿತು. ಕಡೀಕ ಮೂವರೂ ಸೈಕಲ್ ಹೆಗಲಿಗೆ ಹಾಕ್ಕೊಂಡು ನಡದ್ವಿ. ಮಾಸ್ತರ ಎರಡು ಸಲ ಬಿದ್ದ, ಸೈಕಲ್ ಅವನ ಮ್ಯಾಲ ಬಿತ್ತು. ಮಾರಿ ಮೈ ಎಲ್ಲಾ ಕರ್ರಗ ಮಣ್ಣಾಗಿ, ಯಾರ ಯಾರು ಅಂತ ನಮಗ ಗುರತು ಹತ್ತದಂಗಾತು.

ಹೊಲದಾಗ ಹೆಣ್ಣಮಕ್ಕಳು ಸಾಲಾಗಿ ಕುಂತು ಕಸಾ ತಗ್ಯಾಕತ್ತಿದ್ರು. ಬಿಸಲಿಗೆ ಎಲ್ಲಾರೂ ಸೆರಗು ಮುಂದ ಎಳಕೊಂಡಾರ, ಒಬ್ಬಾಕಿ ಮಾರೀನೂ ಕಾಣವಲ್ದು! ನಾ ಪಾದ ನೋಡಿ ಗುರತು ಹಿಡೀಬೇಕಂದ್ರ ಪಾದ ಎಲ್ಲಾ ಮಣ್ಣಾಗ ಅದಾವ. ಸೈಕಲ್ ಹೊತಗೊಂಡು ಬದುವಿನ ಮ್ಯಾಲ ಪೆದ್ದನಂಗ ನಿಂತ್ನಿ. ಒಬ್ಬಾಕಿ ಹಿರೇ ಹೆಣ್ಣಮಗಳು ತಲಿ ಎತ್ತಿ ನಮ್ಮನ್ನ ನೋಡಿ, ಎಲ್ಲಾರಿಗೂ ಕೇಳೂ ಹಂಗ ಒದರಿದಳು:

"ಯಪ್ಪಾ, ಸೈಕಲ್ ಎಲ್ಲಿಗೆ ಹೊಂಟೈತ್ರಿ?"

ಎಲ್ಲಾ ಅರಾಮ?

ಇಲ್ಲೀತನಕ ನಗಿ ಆತು. ಮುಂದಿನ ವಾರ ಹುಡುಗಿ ಸೋದರಮಾವ ನಮ್ಮ ಮನಿಗೆ ಬಂದ. ರುಮಾಲು ತಗದು ತೊಡಿ ಮ್ಯಾಲ ಇಟಗೊಂಡ. ಚಾ ಕುಡದ. ನಾ ಒಳಗಿನ ಬಾಗಲದ ಹಿಂದ ನಿಂತು ಕೇಳಾಕತ್ತಿದ್ನಿ.

"ಹುಡುಗ ಅರಾಮ ಅದಾನಿಲ್ರಿ?" ಅಂತ ಅಪ್ಪನ್ನ ಕೇಳಿದ.

"ಅರಾಮ ಅದಾನ್ರಿ."

"ಎಲ್ಲಾ ಅರಾಮ?"

"ಎಲ್ಲಾ ಅಂದ್ರ?"

"ಎಲ್ಲಾ ಅಂದ್ರ ಎಲ್ಲಾರಿ. ದೇವರು ಕೊಟ್ಟದ್ದು ಕೊಟ್ಟಂಗ ಐತಿಲ್ರಿ?"

ಅಪ್ಪ ಕಣ್ಣು ಪಿಳಿಪಿಳಿ ಬಿಟ್ಟ. ಕಡೀಕ ಸೋದರಮಾವ ಬಾಯಿಬಿಟ್ಟು ಹೇಳಿದ. ಬಿಜ್ಜರಗಿಯ ಸುದ್ದಿ ಸಂತ್ಯಾಗ ಬಬಲೇಶ್ವರ ಮುಟ್ಟಿತ್ತು. ಬಿಜ್ಜರಗಿಂದ ಹೊಂಟಾಗ 'ನಿಮ್ಮ ಅಳಿಯ ಆಪರೇಷನ್ ಮಂದಿ ಜೋಡಿ ತಿರಗತಾನ' ಅಂತಿತ್ತು. ಸಂತಿ ದಾಟೂದ್ರಾಗ 'ಕಚೇರಿ ಮಂದಿಗೆ ಆಪರೇಷನ್ನಿಗೆ ಜನ ತರಾಕ ಹೇಳ್ಯಾರ, ಜನ ಸಿಗಲಿಲ್ಲಂತ ನಿಮ್ಮ ಅಳಿಯ ತಾನ ಆಪರೇಷನ್ ಮಾಡಿಸಿಕೊಂಡಾನ' ಅಂತ ಆಗಿತ್ತು.

"ಬರೂ ಐತಾರ ಹುಡುಗ ಬಂದು ಹಿರ್ಯಾರ ಮುಂದ ಖರೆ ಹೇಳ್ಲಿ" ಅಂದ ಸೋದರಮಾವ, "ಇಲ್ಲಂದ್ರ ಈ ಸಂಬಂಧ ಇಲ್ಲಿಗೆ ಬಿಡೂನು."

ಮಾರಿ ನೋಡಾಕ ಹೋಗಿ ಮದುವೀನ ಕಳಕೊಂಡ್ನಲ್ಲ ಅಂತ ಅಳು ಬಂತು, ಸುಳ್ಳು ಯಾಕ ಹೇಳ್ಲಿ. ಅಪ್ಪ ಕೆಂಡ ಆಗಿದ್ದ. "ತಿರಗಿದಾಂವ ನೀನು, ಹೋಗಿ ಹೇಳಾಂವನೂ ನೀನ" ಅಂದುಬಿಟ್ಟ. ದೋಸ್ತರ ಕಡೆ ಓಡಿದ್ನಿ. "ಡಾಕ್ಟರ ಕಡಿಂದ ಸರ್ಟಿಫಿಕೇಟ ತಗೊಂಡು ಹೋಗೂನೇನು?" ಅಂತ ಮಾಸ್ತರ ಕೇಳಿದ.

ಕಂಪೌಂಡರ ಹಣಿ ಹಣಿ ಬಡಕೊಂಡ. "ಏನಂತ ಬರಸ್ತೀಯಲೇ? ಈ ಮನಷ್ಯಾಗ ಏನೂ ಮಾಡಿಲ್ಲ ಅಂತೇನು?"

ಮೂರು ತಲಿ

ಐತಾರ ಮೂವರೂ ಬಬಲೇಶ್ವರಕ್ಕ ಹೋದ್ವಿ. ಹೊಸ್ತಿಲ ತುಳದ್ವಿ. ಜಮಖಾನಿ ಮ್ಯಾಲ ಸಾಲಾಗಿ ಕುಂಡ್ರಿಸಿದ್ರು. ನನಗ ಧೈರ್ಯ ಇರಲಿ ಅಂತ ದೋಸ್ತರು ನನ್ನ ನಡಬರಕ ಹಾಕ್ಕೊಂಡು, ಎಡಕ್ಕ ಮಾಸ್ತರ, ಬಲಕ್ಕ ಕಂಪೌಂಡರ ಕುಂತ್ರು. ಎದುರಿಗೆ ಮಾವ, ಸೋದರಮಾವ, ಊರ ಹಿರ್ಯಾರು. ಒಂದು ಬಾಜೂಕ ಹುಡುಗಿ ಅಜ್ಜಿ ಎಲಿ ಅಡಿಕಿ ಕುಟ್ಟಾಕತ್ತಿದ್ದಳು. ನನ್ನ ಕಣ್ಣು ಮತ್ತ ನೆಲಕ್ಕ ಅಂಟಿದ್ವು. ಓರೆಗಣ್ಣಿಲೆ ನೋಡಿದ್ರ ದೋಸ್ತರೂ ತಲಿ ಬಗ್ಗಿಸಿದ್ರು.

"ಐತಾರಕ್ಕೊಮ್ಮಿ ಊರೂರು ಯಾಕ ತಿರಗತೀರಿ?" ಅಂತ ಮಾವ ಕೇಳಿದ.

"ವ್ಯಾಯಾಮಕ್ಕರಿ" ಅಂದ ಕಂಪೌಂಡರ.

ಸೋದರಮಾವ ಅವನ ಹೊಟ್ಟಿ ನೋಡಿದ. "ಇವತ್ತ ಸುರು ಮಾಡೀರೇನು?"

ಹಿರ್ಯಾರು ನಗಲಿಲ್ಲ. ಮಾವ ನನ್ನ ಕಡೆ ಹೊಳ್ಳಿದ. "ನೋಡಪಾ, ಸುತ್ತು ಬಳಸೂದು ಬ್ಯಾಡ. ಆಪರೇಷನ್ ಮಂದಿ ಜೋಡಿ ನಿನಗ ಏನು ಕೆಲಸ? ಆ ಸುದ್ದಿ ಖರೆಯೋ ಸುಳ್ಳೋ?"

"ಸುಳ್ಳರಿ. ದೇವರಾಣಿ ಸುಳ್ಳು. ಇವ್ರು ನನ್ನ ದೋಸ್ತರು."

"ಮತ್ತ ತಿರಗೂದು ಯಾಕ?"

ಇನ್ನ ಉಳಗಾಲಿಲ್ಲ ಅಂತ ಗೊತ್ತಾತು. ಕಣ್ಣು ಮುಚ್ಚಿ ಅಂದುಬಿಟ್ನಿ, "ನಿಮ್ಮ ಮಗಳ ಮಾರಿ ನೋಡಾಕ್ರಿ. ಅವತ್ತ ನಾಚಿಕಿಗೆ ನಾ ತಲೀನ ಎತ್ತಲಿಲ್ಲ. ನೋಡದ ಹೂಂ ಅಂದುಬಿಟ್ಟೇನಿ. ಮದುವೀತನಕ ತಡಕೊಳ್ಳಾಕ ಆಗಲಿಲ್ರಿ."

ಅಜ್ಜಿ ಕುಟ್ಟೂದು ನಿಂತಿತು. ಮುಗೀತು ನನ್ನ ಕತಿ, ಸೈಕಲ್ ಹತ್ತಿ ಊರಿಗೆ ಹೋಗೂದ ಈಗ, ಅಂದುಕೊಂಡ್ನಿ.

ಆಗ ಒಳಗಿನ ಬಾಗಲದಾಗ ಬಳಿ ಸಪ್ಪಳಾತು. ಅದರ ಹಿಂದ ಹೆಣ್ಣ ದನಿ.

"ಅಪ್ಪಾ, ಹಂಗಾರ ಈಗರ ತಲಿ ಎತ್ತಾಕ ಹೇಳು. ಬಗ್ಗಿಸಿದ ತಲೀಗೇ ಚಾ ಕೊಟ್ಟು ಬಂದೇನಿ ನಾನು. ನಾನೂ ಅವರ ಮಾರಿ ನೋಡಿಲ್ಲ."

ಆ ಮಾತು ಬಿದ್ದದ್ದ ತಡ, ಹೆದರಿಕಿಗೋ ಏನೋ, ನನ್ನ ಜೋಡಿ ಮಾಸ್ತರ, ಕಂಪೌಂಡರ ಇಬ್ಬರೂ ತಲಿ ಎತ್ತಿದ್ರು. ಮೂರೂ ತಲಿ ಒಮ್ಮಿಗೇ ಮ್ಯಾಲ! ಚೌಕಟ್ಟು ಹಿಡಕೊಂಡು ಆಕಿ ನಿಂತಿದ್ದಳು. ಗುಂಡನ ಮಾರಿ, ಕಣ್ಣು ತುಂಬ ನಗಿ. ಅಬ್ಬಾ, ಎಷ್ಟ ಖುಷಿ ಆತಂದ್ರ, ಅಲ್ಲೇ ಎದ್ದು ಕುಣೀಬೇಕನಿಸ್ತು ನನಗ.

ಆಕಿ ಮಾತ್ರ ಗಾಬರಿ ಆದಳು. ಎಡಕ್ಕ ನೋಡಿದಳು, ಬಲಕ್ಕ ನೋಡಿದಳು. "ಮೂರರಾಗ ಯಾರಪ್ಪಾ?" ಅಂತ ಮೆಲ್ಲಕ ಕೇಳಿದಳು.

ಮಾವ ಬಾಯಿ ತೆಗ್ಯಾಕಿಂತ ಮದಲ ಅಜ್ಜಿ ಅಂದಳು, "ಏ, ನೀ ಸುಮ್ಮಿರೋ. ಆಕೀನ ಹೇಳ್ಲಿ. ಯಾವಾಂವ ಪಸಂದ ಐತಬೇ ನಿನಗ?"

ಹಿರ್ಯಾರೆಲ್ಲಾ ಖೊಳ್ಳಂತ ನಕ್ಕರು, ಸೋದರಮಾವನೂ ನಕ್ಕ. ಆಕಿ ನಾಚಿಕೊಂಡು ಸೆರಗ ಬಾಯಾಗ ಹಿಡದು, ಬೊಟ್ಟು ಮಾಡಿ "ನಡಬರಕಿನವರು" ಅಂದವಳ ಒಳಗ ಓಡಿದಳು.

ಆ ಬೊಟ್ಟು ಒಂದೀಟ ಬಲಕ್ಕ ಸರದಿತ್ತಂದ್ರ ಈ ಕತಿ ಇವತ್ತ ನಿಮಗ ಕಂಪೌಂಡರ ಹೇಳಬೇಕಾಗತಿತ್ತು ನೋಡ್ರಿ!