ಗೋಂದಣ್ಣನ ತೇಗದ ಮಂಚ

ಆ ದಿನ ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯಲಿಲ್ಲ. ಗೋಂದಣ್ಣನ ಗ್ರಹಚಾರ ಕೆಟ್ಟದ್ದೇ ಅಲ್ಲಿಂದ.

ಅವನ ಮನೆಯಲ್ಲಿ ಗಡಿಯಾರ ಇರಲಿಲ್ಲ. ಬೀದಿಯ ಕೊನೆಯಲ್ಲಿ ಪುಕ್ಕಟೆ ಗಂಟೆ ಹೊಡೆಯುವಾಗ ದುಡ್ಡು ಕೊಟ್ಟು ಗಡಿಯಾರ ತರುವವನು ಮುಠ್ಠಾಳ ಎಂಬುದು ಅವನ ಖಚಿತ ಅಭಿಪ್ರಾಯ. ಹೀಗಾಗಿ ಬಿಸಿಲು ಕಿಟಕಿಯಿಂದ ಇಳಿದು ಮೂಗಿನ ಮೇಲೆ ಕೂತಾಗಲೇ ಅವನಿಗೆ ಎಚ್ಚರವಾದದ್ದು. ದಡಬಡಿಸಿ ಎದ್ದ. ಮರದ ಮಿಲ್ಲಿನಲ್ಲಿ ತುಂಡು ಹಲಗೆಗಳನ್ನು ಅಗ್ಗಕ್ಕೆ ಹಾಕುವುದು ಬೆಳಗಿನ ಹೊತ್ತಿನಲ್ಲಿ. ತಡವಾದರೆ ಬೇರೆ ಬಡಗಿಗಳು ಬಾಚಿಕೊಂಡು ಹೋಗುತ್ತಾರೆ.

ಗೋಂದಣ್ಣ ಶವಪೆಟ್ಟಿಗೆ ಮಾಡುವ ಬಡಗಿ. ಹಲಗೆಗೆ ಗೋಂದು ಹಚ್ಚುವ ಕೆಲಸವಾದ್ದರಿಂದ ತನಗೆ ಆ ಹೆಸರು ಬಂತೆಂದು ಅವನು ನಂಬಿದ್ದ. ಕೈಗೆ ಅಂಟಿದ ಕಾಸು ಮತ್ತೆ ಬಿಡುವುದಿಲ್ಲ, ಅದಕ್ಕೇ ಆ ಹೆಸರು ಎಂಬುದು ಬೀದಿಗೆಲ್ಲ ಗೊತ್ತಿತ್ತು. ಯಾವುದೋ ಹಳೇ ಬಂಗಲೆ ಕೆಡವಿದಾಗ ಸಿಕ್ಕಿದ ತೇಗದಲ್ಲಿ ಅವನು ತನಗೇ ಒಂದು ಪೆಟ್ಟಿಗೆ ಮಾಡಿಕೊಂಡಿದ್ದ. ಸಾಯುವತನಕ ಅದು ಸುಮ್ಮನೆ ಬಿದ್ದಿರುವುದು ದಂಡ ಎನ್ನಿಸಿ, ಮುಚ್ಚಳದ ಮೇಲೆ ಹಾಸಿಗೆ ಹಾಕಿ ಅದನ್ನೇ ಮಂಚ ಮಾಡಿಕೊಂಡಿದ್ದ. "ಸಾವನ್ನು ಸದಾ ನೆನೆಯುವ ದೈವಭಕ್ತ" ಎಂದು ಪಾದ್ರಿಗಳು ಒಮ್ಮೆ ಅವನನ್ನು ಹೊಗಳಿದ್ದರು.

ಅವನು ನೆನೆಯುತ್ತಿದ್ದದ್ದು ಸಾವನ್ನಲ್ಲ. ಆ ಪೆಟ್ಟಿಗೆಗೆ ಎರಡು ತಳ ಇದ್ದವು. ಮೇಲಿನದು ತೇಗ. ಕೆಳಗಿನದು, ನೆಲಕ್ಕೆ ತಾಗುವಂಥದ್ದು, ಹಣ್ಣು ತುಂಬುವ ಮರದ ಡಬ್ಬ ಒಡೆದು ತೆಗೆದ ಹಲಗೆ. ಯಾರೂ ನೋಡದ ಜಾಗಕ್ಕೆ ತೇಗ ಯಾಕೆ? ವಾರ್ನಿಷ್ ಬಳಿದರೆ ಎರಡೂ ಒಂದೇ ಬಣ್ಣ. ಆ ಎರಡು ತಳಗಳ ನಡುವೆ ಅವನ ಜೀವಮಾನದ ನೋಟುಗಳು ಹಾಸಿಕೊಂಡು ಮಲಗಿದ್ದವು. ಪಕ್ಕದ ಹಲಗೆಯಲ್ಲಿ ಕೂದಲೆಳೆಯಂಥ ಸೀಳು; ಶನಿವಾರ ಶನಿವಾರ ಅಲ್ಲಿಂದ ನೋಟು ತೂರಿಸುತ್ತಿದ್ದ. ಬ್ಯಾಂಕಿಗೆ ಹಾಕಿದರೆ ಹೆಂಡತಿಗೆ ಗೊತ್ತಾಗುತ್ತದೆ. ಗೊತ್ತಾದರೆ ಅವಳ ಕಣ್ಣಿನ ಪೊರೆ ತೆಗೆಸಬೇಕಾಗುತ್ತದೆ.

"ರೀ, ಮತ್ತೆ ಪುಡಿ ಬಿದ್ದಿದೆ ನೋಡಿ ಮಂಚದ ಕೆಳಗೆ," ಎಂದಳು ಹೆಂಡತಿ, ಪೊರಕೆ ಹಿಡಿದು ನೆಲ ತಡವುತ್ತ. ಅವಳಿಗೆ ಕಾಣುತ್ತಿದ್ದದ್ದು ಬರೀ ಬೆಳಕು ಕತ್ತಲೆ. ಉಳಿದದ್ದೆಲ್ಲ ಬೆರಳ ತುದಿಯಲ್ಲಿ.

"ಬಡಗಿ ಮನೇಲಿ ಮರದ ಪುಡಿ ಇರದೆ ಬಂಗಾರದ ಪುಡಿ ಇರುತ್ತಾ? ಗುಡಿಸಿ ಹಾಕು."

"ಇದು ಒದ್ದೆ ಮಣ್ಣಿನ ಹಾಗಿದೆ ಕಣ್ರೀ."

"ನಿನ್ನ ಕಣ್ಣಿಗೆ ಎಲ್ಲಾ ಹಾಗೇ ಕಾಣೋದು."

"ಕಣ್ಣಿಗೆ ಎಲ್ಲಿ ಕಾಣುತ್ತೆ? ಈ ವರ್ಷ ಆಪರೇಷನ್ ಮಾಡಿಸ್ತೀನಿ ಅಂದಿದ್ರಿ..."

"ಎಲ್ಲಿಂದ ತರಲಿ? ನನ್ನ ಹತ್ರ ಏನು ಗಂಟಿದೆಯಾ?" ಎಂದು ಗದರಿ, ಅಂಗಿಗೆ ತಲೆ ತೂರಿಸುತ್ತಲೇ ಓಡಿದ. ಆ ಅವಸರದಲ್ಲಿ ಒಳಕೋಣೆಗೆ ಬೀಗ ಹಾಕುವುದನ್ನು ಮರೆತ. ಇಷ್ಟು ವರ್ಷದಲ್ಲಿ ಮೊದಲ ಸಲ.

ಮಧ್ಯಾಹ್ನ ಹಲಗೆಯ ಕಟ್ಟು ಹೊತ್ತು ಮನೆಗೆ ಬಂದವನು ಒಳಕೋಣೆಯ ಬಾಗಿಲಲ್ಲಿ ಕಂಬದ ಹಾಗೆ ನಿಂತುಬಿಟ್ಟ. ಹಾಸಿಗೆ ನೆಲದ ಮೇಲಿತ್ತು. ಮಂಚ ಇರಲಿಲ್ಲ. ಅದಿದ್ದ ಜಾಗದಲ್ಲಿ ಗುಡಿಸಿದ ನೆಲ ಮಾತ್ರ.

"ಎಲ್ಲಿ? ಎಲ್ಲಿ ಅದು?"

"ಕೂಗಬೇಡಿ, ಹೇಳ್ತೀನಿ. ಗಂಟೆ ತಾತ ಹೋಗ್ಬಿಟ್ಟ ಕಣ್ರೀ. ಅದಕ್ಕೇ ಬೆಳಿಗ್ಗೆ ಗಂಟೆ ಹೊಡೀಲಿಲ್ಲ. ಪಾಪ, ಹಗ್ಗ ಹಿಡ್ಕೊಂಡೇ ಕೂತಿದ್ನಂತೆ."

"ಪೆಟ್ಟಿಗೆ ಎಲ್ಲಿ ಅಂದೆ!"

"ಅವನಿಗೆ ಹಿಂದೆ ಮುಂದೆ ಯಾರಿದಾರೆ? ಮನೆಗೊಂದು ಏನಾದ್ರೂ ಕೊಡಿ ಅಂತ ಫಾದರ್ ಹೇಳಿಕಳಿಸಿದ್ರು. ಇಸ್ತ್ರಿ ಅಂಗಡಿ ಅಕ್ಕ ಬಿಳೀ ಬಟ್ಟೆ ಕೊಟ್ಳು. ಕ್ಷೌರದಣ್ಣ ಗಡ್ಡ ತೆಗೆದ. ನಮ್ಮನೇಲಿ ಏನಿದೆ ಕೊಡೋಕೆ? ಏನೂ ಇಲ್ಲ ಅಂತ ನೀವೇ ದಿನಾ ಅಂತೀರಲ್ಲ. ಇದ್ದದ್ದು ಅದೊಂದೇ. ಕೊಟ್ಟೆ."

ಹಲಗೆಯ ಕಟ್ಟು ಕಾಲ ಮೇಲೆ ಬಿತ್ತು. ನೋವು ಗೊತ್ತಾಗಲಿಲ್ಲ. ಓಡಿದ.

ಚರ್ಚಿನ ಮೆಟ್ಟಿಲ ಮೇಲೇ ಇಸ್ತ್ರಿ ಅಕ್ಕ ಸಿಕ್ಕಿದಳು. ಊರಿನ ಬಟ್ಟೆಯ ಜೊತೆಗೆ ಊರಿನ ವ್ಯವಹಾರವನ್ನೂ ತಿಕ್ಕಿ ಮಡಚಿಡುವವಳು.

"ಬಂದ್ಯಾ ಗೋಂದಣ್ಣ! ಇಷ್ಟು ದಿನ ನಿನ್ನ ಬಾಯಿಗೆ ಬಂದ ಹಾಗೆ ಬೈದಿದೀನಪ್ಪ, ತಪ್ಪಾಯ್ತು. ಮಲಗೋ ಮಂಚಾನೇ ಕೊಟ್ಬಿಟ್ಟೆಯಲ್ಲ!"

"ಅಕ್ಕಾ, ಅದು..."

"ಮಾತಾಡಬೇಡ. ಕೊಟ್ಟೋರು ಮಾತಾಡಬಾರದು."

ಒಳಗೆ ಪೀಠದ ಮುಂದೆ ಎರಡು ಬೆಂಚುಗಳ ಮೇಲೆ ಅವನ ತೇಗದ ಪೆಟ್ಟಿಗೆ ಹೊಳೆಯುತ್ತಿತ್ತು. ಅದರೊಳಗೆ ಗಂಟೆ ತಾತ. ನುಣ್ಣಗೆ ಗಡ್ಡ ತೆಗೆದು, ಇಸ್ತ್ರಿಯ ಗೆರೆ ಮಾಸದ ಬಿಳೀ ಬಟ್ಟೆ ಹೊದ್ದು, ಬದುಕಿದ್ದಾಗ ಎಂದೂ ಇಲ್ಲದಷ್ಟು ಠೀವಿಯಿಂದ ಮಲಗಿದ್ದ. ಗೋಂದಣ್ಣನ ಜೀವಮಾನದ ಗಳಿಕೆ ತಾತನ ಬೆನ್ನಿನ ಕೆಳಗಿತ್ತು.

ಮೊನ್ನೆ ಮೊನ್ನೆ ಇದೇ ತಾತನ ಕೆಮ್ಮಿನ ಔಷಧಿಗೆ ಪಾದ್ರಿಗಳು ಸಹಾಯ ಕೇಳಿಕೊಂಡು ಬಂದಿದ್ದರು. ಗೋಂದಣ್ಣ ಎರಡೂ ಜೇಬು ಹೊರಗೆಳೆದು ಮೊಲದ ಕಿವಿಯ ಹಾಗೆ ತೋರಿಸಿ ಕಳಿಸಿದ್ದ. ಈಗ "ತಳದಲ್ಲಿ ನನ್ನ ದುಡ್ಡಿದೆ" ಎಂದು ಬಾಯಿ ಬಿಟ್ಟರೆ ಊರು ಅವನನ್ನು ಸುಮ್ಮನೆ ಬಿಡುವುದುಂಟೆ? ಹೆಂಡತಿಗೂ ತಿಳಿಯುತ್ತದೆ. ಮೊದಲು ಅವಳ ಕಣ್ಣು, ಆಮೇಲೆ ಚರ್ಚಿನ ಚಾವಣಿ, ಆಮೇಲೆ ಬೀದಿಯವರ ಕೈಸಾಲ. ಇಲ್ಲ, ಹೇಳುವಂತಿಲ್ಲ.

ಕ್ಷೌರಿಕ ಅವನ ತೋಳು ಹಿಡಿದು ಮುಂದಿನ ಸಾಲಿನಲ್ಲೇ ಕೂರಿಸಿದ. ಅವನ ಹೆಗಲ ತುಂಬ ಕಂದು ಪುಡಿ. "ನಾವು ನಾಲ್ಕು ಜನ ಹೊತ್ತು ತಂದ್ವಿ ಗೋಂದಣ್ಣ. ನಿನ್ನ ಮಂಚ ದಾರಿ ಉದ್ದಕ್ಕೂ ನಮಗೆ ಪೌಡರ್ ಹಾಕಿತು ನೋಡು," ಎಂದು ಹೆಗಲು ಕೊಡವಿಕೊಂಡ.

"ತಾತ ಕುಳ್ಳ. ಪೆಟ್ಟಿಗೆ ಉದ್ದ ಆಯ್ತು," ಎಂದ ಗೋಂದಣ್ಣ. "ಅಲುಗಾಡ್ತಾನೆ. ಬೇರೆ ಚಿಕ್ಕದು ತರ್ತೀನಿ."

"ಅಲುಗಾಡಿ ಎಲ್ಲಿಗೆ ಹೋಗ್ತಾನೆ? ಜೀವಮಾನವೆಲ್ಲ ಮುದುಡಿಕೊಂಡು ಮಲಗಿದಾನೆ. ಈಗಲಾದ್ರೂ ಕಾಲು ಚಾಚಲಿ ಬಿಡು."

"ಅಲ್ಲಪ್ಪ, ಅದು ನನ್ನ ಮಂಚ. ಇವತ್ತು ನಾನೆಲ್ಲಿ ಮಲಗಲಿ?"

ಹಿಂದಿನ ಸಾಲಿನಲ್ಲಿ ಒಬ್ಬಳು ಕಣ್ಣೊರೆಸಿಕೊಂಡಳು. "ಕೇಳಿದ್ರಾ? ನೆಲದ ಮೇಲೆ ಮಲಗಬೇಕು ಅಂತ ಗೊತ್ತಿದ್ದೂ ಕೊಟ್ಟಿದಾನೆ!"

ಪಾದ್ರಿಗಳು ಪ್ರಸಂಗಕ್ಕೆ ಎದ್ದರು. ತಾತನನ್ನು ನೋಡಿದರು, ಆಮೇಲೆ ಗೋಂದಣ್ಣನನ್ನು. "ಈ ತಾತನ ಗೂಡಿಗೆ ಬೀಗವೇ ಇರಲಿಲ್ಲ. ಯಾಕೆ? ಬೀಗ ಹಾಕುವಂಥದ್ದು ಏನೂ ಇರಲಿಲ್ಲ. ಆದರೆ ಅವನು ಬರಿಗೈಲಿ ಹೋಗಲಿಲ್ಲ, ಮಕ್ಕಳೇ. ತನಗೆ ಬಂದ ಅನ್ನದಲ್ಲಿ ಅರ್ಧ ಯಾರಿಗೋ ಇಡುತ್ತಿದ್ದನಲ್ಲ, ಅದೆಲ್ಲ ಅವನಿಗಿಂತ ಮುಂಚೆ ಹೋಗಿ ಅಲ್ಲಿ ಕಾದಿದೆ. ಯೇಸು ಸ್ವಾಮಿ ನಮಗೆ ಹೇಳಿದ್ದೂ ಅದೇ. ಇಲ್ಲಿ ಕೂಡಿಟ್ಟದ್ದಕ್ಕೆ ತುಕ್ಕು ಹಿಡಿಯುತ್ತದೆ, ಹುಳ ಹಿಡಿಯುತ್ತದೆ. ಇವತ್ತು ನಮ್ಮ ಗೋಂದಣ್ಣನಿಗೂ ಆ ಮಾತು ಅರ್ಥವಾಗಿದೆ..."

ಗೋಂದಣ್ಣನ ಕಿವಿಗೆ ಹೊಕ್ಕದ್ದು ಒಂದೇ ಪದ. ಹುಳ.

ಎದ್ದು ನಿಂತ. "ಫಾದರ್! ಗೆದ್ದಲು!"

"ಏನಪ್ಪ?"

"ಆ ಪೆಟ್ಟಿಗೆಗೆ ಗೆದ್ದಲು ಹಿಡಿದಿದೆ. ಪೂರ್ತಿ ಟೊಳ್ಳು. ನನ್ನ ಹೆಂಡತಿಗೆ ಕಣ್ಣು ಕಾಣಲ್ಲ, ಗೊತ್ತಿಲ್ಲದೆ ಕೊಟ್ಟಿದಾಳೆ. ಇಂಥ ಹಾಳು ಪೆಟ್ಟಿಗೇಲಿ ಆ ಪುಣ್ಯಾತ್ಮನನ್ನ ಕಳಿಸೋದಾ? ನನ್ನ ಮನಸ್ಸು ಒಪ್ಪಲ್ಲ ಫಾದರ್."

ಕ್ಷೌರಿಕ ಹೋಗಿ ಪೆಟ್ಟಿಗೆಯ ಪಕ್ಕಕ್ಕೆ ಬೆರಳಲ್ಲಿ ಕುಟ್ಟಿದ. ಠಣ್ ಎಂದಿತು. "ಹಳೇ ತೇಗಕ್ಕೆ ಗೆದ್ದಲಾ? ನನ್ನ ಕತ್ತಿಗೆ ಕೂದಲು ಬೆಳೀತು ಅಂದ ಹಾಗಾಯ್ತು."

"ನೀನು ಗಡ್ಡ ನೋಡು, ಮರ ನಾನು ನೋಡ್ತೀನಿ! ಗೆದ್ದಲಿರೋದು ತಳದಲ್ಲಿ. ಈ ಪೀಠದ ಆಣೆ ಫಾದರ್..."

"ಆಣೆ ಗೀಣೆ ಬೇಡ," ಎಂದರು ಪಾದ್ರಿಗಳು. "ಹೌದಾ ಇಲ್ಲವಾ, ಅಷ್ಟು ಹೇಳು."

"ಹೌದು."

ಕಣ್ಣು ಪಿಳುಕಿಸದೆ ಹೇಳಿದ. ದೇವರ ಮನೆಯಲ್ಲಿ ನಿಂತು, ಹೆಣದ ಮುಂದೆ, ಇಷ್ಟು ಸಲೀಸಾಗಿ ಸುಳ್ಳು ಬಂದದ್ದಕ್ಕೆ ಅವನಿಗೇ ಸ್ವಲ್ಪ ಹೆಮ್ಮೆಯಾಯಿತು.

ಪಾದ್ರಿಗಳು ನಿಟ್ಟುಸಿರು ಬಿಟ್ಟರು. "ಸರಿ. ಹಾಗಾದರೆ ತಾತ ಯಾವುದರಲ್ಲಿ ಹೋಗಬೇಕು? ಅಲ್ಲಿ ಗುಂಡಿ ತಯಾರಿದೆ."

ಗೋಂದಣ್ಣನ ಅಂಗಡಿಯಲ್ಲಿ ತಯಾರಿದ್ದದ್ದು ಒಂದೇ ಪೆಟ್ಟಿಗೆ. ಮಿಲ್ಲಿನ ಸಾಹುಕಾರರ ತಾಯಿಗೆಂದು ಪೂರಾ ಹಣ ತೆಗೆದುಕೊಂಡು ಮಾಡಿದ್ದು: ಕರಿಮರ, ಹಿತ್ತಾಳೆಯ ಹಿಡಿಕೆ, ಒಳಗೆ ಮೆತ್ತನೆಯ ಮಖಮಲ್ಲು. ಆ ಮುದುಕಿ ಹೋದಳು ಹೋದಳು ಎಂದು ಎಷ್ಟೋ ಸಲ ಸುದ್ದಿ ಬಂದು, ಪ್ರತಿ ಸಲವೂ ಎದ್ದು ಕೂತು ಕಾಫಿ ಕೇಳಿದ್ದಳು. ಇನ್ನೂ ಒಂದು ವಾರ ಇರುತ್ತಾಳೆ, ಅಷ್ಟರಲ್ಲಿ ಇನ್ನೊಂದು ಮಾಡಿದರಾಯಿತು ಎಂದು ಗೋಂದಣ್ಣ ಲೆಕ್ಕ ಹಾಕಿದ. ಕೈಗಾಡಿ ತಳ್ಳಿಕೊಂಡು ಹೋಗಿ, ಅದನ್ನು ತಂದ.

ಜನ ಬಾಯಿ ತೆರೆದು ನೋಡಿದರು. ತಾತನನ್ನು ಎತ್ತಿ ಮಖಮಲ್ಲಿನ ಮೇಲೆ ಮಲಗಿಸುವಾಗ ಇಸ್ತ್ರಿ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು. "ತೇಗ ಸಾಲದು ಅಂತ ಹಿತ್ತಾಳೆ ಹಿಡಿಕೇದು ತಂದ! ನಮ್ಮ ಗೋಂದಣ್ಣ ಮನುಷ್ಯನೇ ಅಲ್ಲ!"

ಅದೊಂದು ಮಾತು ಮಾತ್ರ ಅಕ್ಷರಶಃ ಸರಿ.

ಎಲ್ಲರೂ ತಾತನ ಹಿಂದೆ ಸ್ಮಶಾನದ ಕಡೆ ಹೊರಟರು. ಗೋಂದಣ್ಣ ಮಾತ್ರ ತೇಗದ ಪೆಟ್ಟಿಗೆಯನ್ನು ಗಾಡಿಗೆ ಹಾಕಿಕೊಂಡು, ಹೊಸ ಸೊಸೆಯನ್ನು ಕರೆತರುವವನ ಹಾಗೆ ಕಲ್ಲುಮುಳ್ಳು ತಪ್ಪಿಸುತ್ತ ಮನೆಗೆ ಬಂದ. ಒಳಕೋಣೆಗೆ ನೂಕಿ ಬಾಗಿಲು ಹಾಕಿಕೊಂಡ. ಪೆಟ್ಟಿಗೆಯ ಮೇಲೆ ಕೈಯಾಡಿಸಿದ. ಬದುಕಿದೆ ಎಂದುಕೊಂಡ.

ಅಷ್ಟರಲ್ಲಿ ಬೀದಿಬಾಗಿಲು ದಬದಬ ಬಡಿಯಿತು. ಮಿಲ್ಲಿನ ಗುಮಾಸ್ತ.

"ಗೋಂದಣ್ಣ, ದೊಡ್ಡಮ್ಮ ಹೋಗ್ಬಿಟ್ರು. ಈ ಸಲ ನಿಜವಾಗ್ಲೂ. ಸಾಹುಕಾರರು ಪೆಟ್ಟಿಗೆ ತರೋಕೆ ಹೇಳಿದಾರೆ, ವ್ಯಾನು ನಿಂತಿದೆ. ಅಂಗಡೀಲಿ ಇಲ್ಲವಲ್ಲ?"

ಆ ಪೆಟ್ಟಿಗೆ ತಾತನನ್ನು ಹೊತ್ತು ಸ್ಮಶಾನ ಸೇರಿತ್ತು. ಮರುಕ್ಷಣ ಗೋಂದಣ್ಣನ ಮುಖ ಅರಳಿತು. ತೇಗದ ಪೆಟ್ಟಿಗೆ ಇದೆಯಲ್ಲ! ನೋಟು ತೆಗೆದು, ತಳ ಬಡಿದು, ಪಾಲಿಶ್ ಎಳೆದು ಕೊಟ್ಟರಾಯಿತು. ಕೇಳಿದರೆ ಕರಿಮರಕ್ಕಿಂತ ಮೇಲು ಎಂದರಾಯಿತು.

"ಒಳಗಿದೆ ಗುಮಾಸ್ತರೇ. ಒಂದು ಚೂರು ಕೆಲಸ ಇದೆ. ಕೂತಿರಿ, ಈಗ ಬಂದೆ."

ಬಾಗಿಲು ಮತ್ತೆ ಹಾಕಿಕೊಂಡ. ಪೆಟ್ಟಿಗೆಯನ್ನು ಬೋರಲು ಹಾಕಿದ. ಉಳಿ ಇಟ್ಟು ಸುತ್ತಿಗೆ ಎತ್ತಿದ. ಸುತ್ತಿಗೆ ಬೇಕಾಗಲಿಲ್ಲ. ಉಳಿ ತನ್ನ ಭಾರಕ್ಕೇ ಒಳಗಿಳಿಯಿತು, ಹಪ್ಪಳಕ್ಕೆ ಬೆರಳು ಹಾಕಿದ ಹಾಗೆ.

ವಾರ್ನಿಷಿನ ಸಿಪ್ಪೆ ಮಾತ್ರ ಉಳಿದಿತ್ತು. ಅದನ್ನು ಕಿತ್ತ. ಕೆಳಗೆ ಹಣ್ಣಿನ ಡಬ್ಬದ ಹಲಗೆ ಇರಲಿಲ್ಲ. ಹಸಿ ಮಣ್ಣಿನ ದಾರಿಗಳಿದ್ದವು. ಆ ದಾರಿಗಳಲ್ಲಿ ಬಿಳೀ ಹುಳಗಳು ಯಾವ ಅವಸರವೂ ಇಲ್ಲದೆ ಓಡಾಡುತ್ತಿದ್ದವು. ಎರಡೂ ಕೈ ಹಾಕಿ ಬಗೆದ. ಕೈಗೆ ಬಂದದ್ದು ಕಂದು ಪುಡಿ. ಮತ್ತೆ ಬಗೆದ. ಮತ್ತೆ ಪುಡಿ. ಒಂದು ನೋಟಿನ ಮೂಲೆ ಸಿಕ್ಕಿತು. ಬೆಳಕಿಗೆ ಹಿಡಿಯುವಷ್ಟರಲ್ಲಿ ಅದೂ ಉದುರಿತು. ತೇಗವನ್ನು ಮಾತ್ರ ಅವು ಮುಟ್ಟಿರಲಿಲ್ಲ.

ಗೋಂದಣ್ಣ ದೇವರ ಮುಂದೆ ನಿಂತು ಜೀವಮಾನದಲ್ಲಿ ಆಡಿದ ನಿಜವಾದ ಮಾತು ಆ ಗೆದ್ದಲಿನದೊಂದೇ ಆಗಿತ್ತು.

"ಆಯ್ತಾ ಗೋಂದಣ್ಣ?" ಗುಮಾಸ್ತ ಹೊರಗಿನಿಂದ ಕೂಗಿದ. "ದಾರೀಲಿ ಯಾರೋ ಅಂತಿದ್ರು, ನಿನ್ನ ಪೆಟ್ಟಿಗೆಗೆ ಗೆದ್ದಲು ಹಿಡಿದಿದೆ ಅಂತ ಚರ್ಚಲ್ಲಿ ನೀನೇ ಹೇಳಿದ್ಯಂತೆ? ನಮ್ಮದು ಚೆನ್ನಾಗಿದೆ ತಾನೇ?"

ಗೋಂದಣ್ಣ ಪುಡಿಯೊಳಗೆ ಮತ್ತೆ ಕೈ ಹಾಕಿ ಬಗೆದ.

ಹಿತ್ತಲ ಕಡೆಯಿಂದ ಬಂದ ಹೆಂಡತಿ ಕೋಣೆಯ ಬಾಗಿಲು ತಳ್ಳಿ, ಗೋಡೆ ಹಿಡಿದುಕೊಂಡು ಒಳಗೆ ಬಂದಳು. ತಾತನ ಮಣ್ಣು ಮುಗಿಸಿ ಬಂದವಳ ಮುಖ ಇಷ್ಟು ವರ್ಷದಲ್ಲಿ ಮೊದಲ ಸಲ ಗೆಲುವಾಗಿತ್ತು. "ರೀ, ಎಲ್ಲರೂ ನಿಮ್ಮ ಗುಣಗಾನವೇ. ನನ್ನ ಗಂಡನ ಮನಸ್ಸು ನನಗೇ ಗೊತ್ತಿರಲಿಲ್ಲ ನೋಡಿ." ಒಂದು ಹೆಜ್ಜೆ ಇಟ್ಟು ನಿಂತಳು. ಕಾಲ ಕೆಳಗೆ ಮೆತ್ತಗಾಯಿತು. ಬಗ್ಗಿ ಬೆರಳಲ್ಲಿ ತಡವಿದಳು. "ಅಯ್ಯೋ, ಇಷ್ಟೊಂದು ಪುಡಿ! ಏನ್ರೀ ಇದು?"

ಅವನು ಅವಳ ಮುಖ ನೋಡಿದ. ಪೊರೆ ಕಟ್ಟಿದ ಎರಡು ಕಣ್ಣು ಅವನ ಕಡೆಗೇ ತಿರುಗಿದ್ದವು. ಏನೂ ಕಾಣದೆ ಕಾಯುತ್ತಿದ್ದವು.

"ಮರದ ಪುಡಿ," ಎಂದ.

"ಮತ್ತೆ ಇದೇನು, ದಾರದ ಹಾಗಿದೆ? ಇದೊಂದು, ಇದೊಂದು... ತುಂಬಾ ಇದೆಯಲ್ಲ." ನೋಟಿನೊಳಗೆ ಕೂರಿಸಿರುವ ಹೊಳೆಯುವ ಎಳೆಗಳವು. ಗೆದ್ದಲು ಅವನ್ನು ತಿಂದಿರಲಿಲ್ಲ. ಅವಳು ಒಂದಿಷ್ಟನ್ನು ಆಯ್ದು ಅಂಗೈಯಲ್ಲಿಟ್ಟುಕೊಂಡು, ಒಂದನ್ನು ಎರಡು ಬೆರಳ ನಡುವೆ ಎಳೆದು ನೋಡಿದಳು.

"ಹೊಲಿಯೋಕೂ ಬರಲ್ಲ ಬಿಡಿ. ತುಂಬಾ ಚಿಕ್ಕದು," ಎಂದಳು. ಪುಡಿಯ ಜೊತೆ ಅವನ್ನೂ ಗುಡಿಸಿ ಮೊರಕ್ಕೆ ತುಂಬಿ, ಹಿತ್ತಲ ತಿಪ್ಪೆಗೆ ಸುರಿಯಲು ಹೋದಳು.