ಅರ್ಥ ಆಯ್ತಾ ಮಕ್ಕಳೇ?

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ಇದನ್ನು ನಾನು ಚೆನ್ನಾಗಿ ಹೇಳಲಾರೆ. ನಾನು ಬರೆಯುವವನಲ್ಲ, ಸುಂಕದಕಟ್ಟೆಯ ಒಂದು ಸಣ್ಣ ಶಾಲೆಯಲ್ಲಿ ಮೂರನೇ ಕ್ಲಾಸಿನ ಮೇಷ್ಟ್ರು. ಬೇಕಾದ್ದಕ್ಕಿಂತ ಹೆಚ್ಚು ವಿವರಿಸುವುದು ನನ್ನ ಕಸುಬಿನ ಕಾಯಿಲೆ. ಕ್ಲಾಸಿಗೆ ಟಿವಿ ಬಂದ ಮೇಲೆ ವಾರಕ್ಕೊಂದಾದರೂ ಇಂಥದ್ದು ನಡೆಯುತ್ತದೆ. ಆಗ ನಗು ಬರುವುದಿಲ್ಲ, ಮನೆಗೆ ಹೋಗುವ ಬಸ್ಸಿನಲ್ಲಿ ಬರುತ್ತದೆ.

೧. ಟಿವಿಯೊಳಗಿನ ಮೇಷ್ಟ್ರು

ನನ್ನಲ್ಲಿ ಒಂದೇ ಸಲಕ್ಕೆ ಹಿಡಿಯುವ ಮಕ್ಕಳಿದ್ದಾರೆ, ಹತ್ತು ಸಲ ಬೇಕಾದವರೂ ಇದ್ದಾರೆ. ಎಲ್ಲರಿಗೂ ಆಗಲಿ ಎಂದು ಚಿತ್ರ, ಬಣ್ಣ, ನನ್ನದೇ ದನಿ ಸೇರಿಸಿ ಮೊಬೈಲಿನಲ್ಲಿ ಪಾಠದ ವಿಡಿಯೋ ಮಾಡಿದೆ. ಮೊದಲನೆಯದು ಭಾಗಾಕಾರ: ಹನ್ನೆರಡು ಇಡ್ಲಿ, ನಾಲ್ಕು ತಟ್ಟೆ. ನಡುವೆ ಟಿವಿಯೊಳಗಿನ ನಾನು ರೂಢಿಯಂತೆ, "ಅರ್ಥ ಆಯ್ತಾ ಮಕ್ಕಳೇ?" ಎಂದೆ. ಇಡೀ ಕ್ಲಾಸು, "ಆಯ್ತೂ ಸಾರ್" ಎಂದು ರಾಗ ಎಳೆಯಿತು. ಈ ರಾಗ ಎಲ್ಲ ಶಾಲೆಗಳಲ್ಲೂ ಒಂದೇ. ಅರ್ಥ ಆಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೊನೇ ಬೆಂಚಿನ ಒಬ್ಬ ಹುಡುಗಿ ಮಾತ್ರ ಟಿವಿಗೆ, "ಇಲ್ರಿ ಸರ" ಎಂದಳು. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು. ಕ್ಲಾಸಿನಲ್ಲಿ ಅವಳು ಆಡಿದ ಮೊದಲ ಮಾತು ಅದು. ಹೀಗೇ ಮೂಕಿಯಂತಿದ್ದರೆ ಒಂದನೇ ಕ್ಲಾಸಿಗೆ ಕೂರಿಸುತ್ತೇನೆ ಎಂದು ಹೆಡ್ ಮೇಡಂ ಹೇಳಿಬಿಟ್ಟಿದ್ದರು. ಅಲ್ಲಿ ಅವಳ ತಂಗಿ ಇದ್ದಾಳೆ.

ವಿಡಿಯೋ ನಿಲ್ಲದೆ ಮುಂದೆ ಹೋಯಿತು. ಅವಳು ನನ್ನ ಕಡೆ ತಿರುಗಿ ದೂರು ಕೊಟ್ಟಳು: "ನೋಡ್ರಿ ಸರ, ಇಲ್ಲ ಅಂದ್ರೂ ಹೊಂಟೇಬಿಟ್ರು. ನಿಮ್ಮಂಗೇ ಅದಾರ."

೨. ಅರ್ಧ ವೇಗ

ಆ ಮಾತು ಚುಚ್ಚಿತು. ಮರುದಿನ ಅದೇ ವಿಡಿಯೋವನ್ನು ಅರ್ಧ ವೇಗದಲ್ಲಿ ಹಾಕಿದೆ. ಹಾಗೆ ಹಾಕಿದರೆ ದನಿ ಏನಾಗುತ್ತದೆಂದು ಹೇಳಬೇಕು: ನಾಲಿಗೆ ದಪ್ಪವಾಗಿ, ಮಾತು ಎಳೆದೆಳೆದು ಬರುತ್ತದೆ.

ಅದರ ಮರುದಿನ ಬೆಳಿಗ್ಗೆ ಅವಳ ತಾಯಿ ಗೇಟಿನ ಹತ್ತಿರ ಕಾದಿದ್ದರು. ದನಿ ತಗ್ಗಿಸಿ, "ತಪ್ಪು ತಿಳ್ಕೋಬ್ಯಾಡ್ರಿ ಸರ. ಕುಡಿಯೋದಿದ್ರ ಸಾಲಿ ಬಿಟ್ಟ ಮ್ಯಾಲ ಕುಡೀರಿ" ಎಂದರು.

ವಿಡಿಯೋ, ವೇಗ, ದನಿ, ಎಲ್ಲವನ್ನೂ ವಿವರಿಸಿದೆ. ತಾಳ್ಮೆಯಿಂದ ಕೇಳಿ, "ನಮ್ಮನಿಯವರೂ ಹಿಂಗ ಏನರ ಹೇಳ್ತಾರ್ರಿ" ಎಂದು ಹೊರಟರು.

೩. ನಿಲ್ಲಿಸುವ ಗುಂಡಿ

ಕೊನೆಗೆ ರಿಮೋಟನ್ನೇ ಹುಡುಗಿಯ ಕೈಗೆ ಕೊಟ್ಟೆ. "ತಿಳೀಲಿಲ್ಲ ಅಂದ್ರೆ ಈ ಗುಂಡಿ ಒತ್ತು. ಯಾರೂ ಬೈಯಲ್ಲ." ಇಡ್ಲಿ ಪಾಠವನ್ನು ಅವಳು ಒಂಬತ್ತು ಸಲ ನಿಲ್ಲಿಸಿದಳು.

"ಒಬ್ಬಳಿಗೋಸ್ಕರ ಎಲ್ಲರನ್ನೂ ನಿಲ್ಲಿಸ್ತೀರಾ ಸಾರ್?" ಎಂದರು ಮೇಡಂ. "ನಾಳೆ ತಪಾಸಣೆಗೆ ಸಾಹೇಬರು ಬರ್ತಾರೆ. ಅವರ ಮುಂದೆ ಉತ್ತರ ಹೇಳ್ಲಿಲ್ಲ ಅಂದ್ರೆ ಸೋಮವಾರದಿಂದ ಒಂದನೇ ಕ್ಲಾಸು." ಹುಡುಗಿ ಅಲ್ಲೇ ನಿಂತು ಕೇಳಿಸಿಕೊಂಡಳು.

ಸಾಹೇಬರು ಬಂದಾಗ ಕರೆಂಟ್ ಇರಲಿಲ್ಲ. ತಾವೇ ಪಾಠಕ್ಕೆ ನಿಂತರು. ಭಾಜ್ಯ, ಭಾಜಕ, ಭಾಗಲಬ್ಧ ಎಂದು ಒಂದೇ ಉಸಿರಿಗೆ ಹೇಳಿ, "ಅರ್ಥ ಆಯ್ತಾ ಮಕ್ಕಳೇ?" ಎಂದರು.

"ಆಯ್ತೂ ಸಾರ್."

ಹುಡುಗಿ ಎದ್ದಳು. ರಿಮೋಟನ್ನು ಸಾಹೇಬರ ಎದೆಗೆ ಹಿಡಿದು ಗುಂಡಿ ಒತ್ತಿದಳು. ಸಾಹೇಬರು ನಿಂತರು. ಮೇಡಂ ಗೋಡೆ ಹಿಡಿದುಕೊಂಡರು.

"ಏನಮ್ಮಾ?"

"ತಿಳೀಲಿಲ್ರಿ ಸರ. ಹಿಂದಕ್ಕ ಹೋಗ್ರಿ. ಹನ್ನೆರಡು ಇಡ್ಲಿ, ನಾಕು ತಟ್ಟೆಯಿಂದ."

ಸಾಹೇಬರು ಬೋರ್ಡು ಒರೆಸಿ ಹನ್ನೆರಡು ಇಡ್ಲಿ, ನಾಲ್ಕು ತಟ್ಟೆ ಬರೆದರು, ನಿಧಾನವಾಗಿ. "ತಟ್ಟೆಗೆ ಎಷ್ಟು?"

"ಮೂರು ಸರ." ಮತ್ತೆ ಗುಂಡಿ ಒತ್ತಿದಳು. "ಈಗ ಮುಂದ ಹೋಗ್ರಿ."

ಸೋಮವಾರ ಅವಳು ನನ್ನ ಕ್ಲಾಸಿನಲ್ಲೇ ಇದ್ದಳು. ಮೇಡಂ ಆ ಮಾತು ಎತ್ತಲಿಲ್ಲ.

ಒಂದು ವಿಷಯ ಬಿಟ್ಟುಹೋಯಿತು. ಅವತ್ತು ಆ ರಿಮೋಟಿನಲ್ಲಿ ಸೆಲ್ಲೇ ಇರಲಿಲ್ಲ. ಯಾಕೆಂದು ವಿವರಿಸಲೇಬೇಕು. ಸಾಹೇಬರು ಬರುವಾಗ ಆಫೀಸಿನ ಗಡಿಯಾರ ನಿಂತಿರಬಾರದೆಂದು ಮೇಡಂ ಸೆಲ್ಲನ್ನು ತೆಗೆಸಿ ಅದಕ್ಕೆ ಹಾಕಿಸಿದ್ದರು. ಸಾಮಾನ್ಯವಾಗಿ ರಿಮೋಟಿಗೆ ಸಣ್ಣ ಸೆಲ್ಲು, ಗಡಿಯಾರಕ್ಕೆ ಸ್ವಲ್ಪ ದಪ್ಪದ್ದು. ಆದರೆ ನಮ್ಮ ಟಿವಿಯದು ಹೇಗೆಂದರೆ...

"ಸರ, ಬೆಲ್ ಆತ್ರಿ, ಬರ್ರಿ." ಬಾಗಿಲಲ್ಲಿ ಅವಳೇ. ಕೈಯಲ್ಲಿ ರಿಮೋಟ್ ಇದೆ, ನನ್ನ ಕಡೆಗೇ ಹಿಡಿದಿದ್ದಾಳೆ. ಗುಂಡಿ ಒತ್ತಿ